ಫೂಟೇಜ್ ಇಲ್ಲದ ನೂರು

ನ್ಯೂಸ್ ಚಾನೆಲ್ಲಿನ ಡೆಸ್ಕ್‌ನಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಪ್ರಶ್ನೆ ಒಂದೇ. ‘ವಿಷುವಲ್ಸ್ ಇದೆಯಾ?’ ಸೇತುವೆ ಕುಸಿದಿದೆ ಸಾರ್ ಅಂತ ರಿಪೋರ್ಟರ್ ಫೋನ್ ಮಾಡ್ತಾನೆ. ವಿಷುವಲ್ಸ್ ಇದೆಯಾ? ಮಂತ್ರಿ ರಾಜೀನಾಮೆ ಕೊಟ್ಟರಂತೆ. ವಿಷುವಲ್ಸ್? ಇದ್ದರೆ ಆ ಸುದ್ದಿ ಅರ್ಧ ಗಂಟೆ ಓಡುತ್ತೆ. ಇಲ್ಲದಿದ್ದರೆ ಪರದೆಯ ಕೆಳಗೆ ಒಂದು ಸಾಲಾಗಿ ಹರಿದು ಹೋಗುತ್ತೆ. ಇಷ್ಟು ವರ್ಷ ಆಂಕರ್ ಕುರ್ಚಿಯಲ್ಲಿ ಕೂತು ನಾನೂ ಅದೇ ಪ್ರಶ್ನೆ ಕೇಳಿದವನೇ. ಅದಕ್ಕೇ ಇವತ್ತು ಒಂದೇ ಒಂದು ವಿಷುವಲ್ ಇಲ್ಲದ ಸುದ್ದಿಯೊಂದನ್ನು ಹೇಳ್ತೀನಿ. ಆರು ದಶಕಗಳಿಂದ ಓಡ್ತಾ ಇರುವ ಸುದ್ದಿ ಅದು.

1962, ಮಾರ್ಚ್ 2. ಶುಕ್ರವಾರ ರಾತ್ರಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹರ್ಷಿ ಅಂತ ಒಂದು ಊರು. ಹೌದು, ಚಾಕೊಲೇಟ್ ಹರ್ಷಿಯೇ. ಕಾರ್ಖಾನೆ ಕಟ್ಟಿದವನ ಹೆಸರೇ ಊರಿನ ಹೆಸರೂ ಆಗಿದೆ. ಆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ಒಂದು ಪಂದ್ಯ. ಫಿಲಡೆಲ್ಫಿಯಾ ವಾರಿಯರ್ಸ್ ವಿರುದ್ಧ ನ್ಯೂಯಾರ್ಕ್ ನಿಕ್ಸ್. ಫಿಲಡೆಲ್ಫಿಯಾ ತಂಡಕ್ಕೆ ಹರ್ಷಿಯಲ್ಲೇನು ಕೆಲಸ ಅಂದ್ರಾ? ಜನ ಬರ್ತಿರಲಿಲ್ಲ ಸ್ವಾಮಿ. ಹೊಸ ಅಭಿಮಾನಿಗಳು ಸಿಗಲಿ ಅಂತ ಒಂದಷ್ಟು ಪಂದ್ಯಗಳನ್ನು ಸುತ್ತಲಿನ ಊರುಗಳಿಗೆ ಒಯ್ದು ಆಡಿಸ್ತಿದ್ದರು, ಸರ್ಕಸ್ ಕಂಪನಿ ಊರೂರಿಗೆ ಹೋದ ಹಾಗೆ. ಅವತ್ತಂತೂ ಜನ ಸೇರಿಸೋಕೆ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಕರೆಸಿ, ಅವರ ಕೈಯಲ್ಲಿ ಮೊದಲು ಒಂದು ಪ್ರದರ್ಶನ ಬಾಸ್ಕೆಟ್‌ಬಾಲ್ ಪಂದ್ಯ ಆಡಿಸಿದರು. ಇಷ್ಟೆಲ್ಲಾ ಮಾಡಿದರೂ ಬಂದವರು 4,124 ಜನ. ಕ್ರೀಡಾಂಗಣ ಅರ್ಧದಷ್ಟು ಖಾಲಿ. ನಿಕ್ಸ್ ತಮ್ಮ ವಿಭಾಗದಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡ. ಲೀಗ್ ಹಂತ ಮುಗಿಯುತ್ತಾ ಬಂದಿತ್ತು. ಟಿವಿಯವರು ಯಾಕೆ ಬರ್ತಾರೆ? ಬರಲಿಲ್ಲ. ಒಂದೇ ಒಂದು ಮೂವಿ ಕ್ಯಾಮೆರಾ ಅಲ್ಲಿರಲಿಲ್ಲ.

ಆ ರಾತ್ರಿ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಅನ್ನುವ 7 ಅಡಿ 1 ಇಂಚಿನ ಆಟಗಾರ ಒಬ್ಬನೇ 100 ಪಾಯಿಂಟ್ ಹೊಡೆದ. ಅದಕ್ಕೂ ಮೊದಲು ಎನ್‌ಬಿಎಯಲ್ಲಿ ಯಾರೂ ಹೊಡೆದಿರಲಿಲ್ಲ. ಆಮೇಲೂ ಯಾರೂ ಹೊಡೆದಿಲ್ಲ. 2006ರಲ್ಲಿ ಕೋಬಿ ಬ್ರಯಂಟ್ 81 ಪಾಯಿಂಟ್ ಹೊಡೆದಾಗ ಜಗತ್ತೇ ಎದ್ದು ನಿಂತಿತು. ಆದರೆ 81ಕ್ಕೂ 100ಕ್ಕೂ ನಡುವೆ 19ರ ಅಂತರ ಇದೆ. ಒಬ್ಬ ಒಳ್ಳೆಯ ಆಟಗಾರನ ಒಂದಿಡೀ ರಾತ್ರಿಯ ದುಡಿಮೆ ಅದು.

ಇಷ್ಟು ದೊಡ್ಡ ಘಟನೆಗೆ ಸಾಕ್ಷಿ ಏನಿದೆ? ಕೆಲವು ಫೋಟೋ, ರೇಡಿಯೋ ಕಾಮೆಂಟರಿಯ ಒಂದು ತುಣುಕು, ಮತ್ತು ಒಂದು ಹಾಳೆ. ನನಗೆ ಮುಖ್ಯ ಅನ್ನಿಸಿದ್ದು ಆ ಹಾಳೆ. ಬಾಸ್ಕೆಟ್‌ಬಾಲ್‌ನಲ್ಲಿ ಅದನ್ನು ಬಾಕ್ಸ್ ಸ್ಕೋರ್ ಅಂತಾರೆ. ನಮ್ಮ ಕ್ರಿಕೆಟ್ ಸ್ಕೋರ್‌ಕಾರ್ಡ್ ಇದ್ದ ಹಾಗೆ. ಪ್ರತಿ ಆಟಗಾರನಿಗೆ ಒಂದು ಸಾಲು. ಎಷ್ಟು ಶಾಟ್ ಎಸೆದ, ಎಷ್ಟು ಬುಟ್ಟಿಗೆ ಬಿತ್ತು, ಫ್ರೀ ಥ್ರೋ ಎಷ್ಟು, ರೀಬೌಂಡ್ ಎಷ್ಟು, ಸಂಗಾತಿಗೆ ಗೋಲು ಮಾಡಿಕೊಟ್ಟ ಪಾಸ್, ಅಂದರೆ ಅಸಿಸ್ಟ್ ಎಷ್ಟು, ಫೌಲ್ ಎಷ್ಟು. ಬರೀ ಅಂಕಿ. ಆದರೆ ಬೆರಳಿಟ್ಟು ಒಂದೊಂದೇ ಸಾಲು ಓದಿ ನೋಡಿ. ಇಡೀ ರಾತ್ರಿ ಕಣ್ಣ ಮುಂದೆ ಬರುತ್ತೆ. ಕ್ಯಾಮೆರಾ ಇದ್ದಿದ್ದರೆ ನಾವು ನೋಡದೇ ಬಿಡ್ತಿದ್ದ ಕೆಲವು ಸಂಗತಿಗಳೂ ಕಾಣ್ತವೆ.

ಮೊದಲು ಮೇಲಿನ ಸಾಲು, ಚೇಂಬರ್ಲೇನ್‌ದು. 48 ನಿಮಿಷ. ಅಂದರೆ ಪಂದ್ಯದ ಒಂದು ನಿಮಿಷವೂ ಈತ ಬೆಂಚಿನಲ್ಲಿ ಕೂರಲಿಲ್ಲ. 63 ಶಾಟ್, ಅದರಲ್ಲಿ 36 ಬುಟ್ಟಿಗೆ. 32 ಫ್ರೀ ಥ್ರೋ, ಅದರಲ್ಲಿ 28. ರೀಬೌಂಡ್ 25. ಅಸಿಸ್ಟ್ 2. ಆಗ ಮೂರು ಪಾಯಿಂಟಿನ ಗೆರೆ ಇರಲಿಲ್ಲ, ಅದು ಎನ್‌ಬಿಎಗೆ ಬಂದದ್ದು 1979ರಲ್ಲಿ. ಹಾಗಾಗಿ ಲೆಕ್ಕ ಸುಲಭ. 36 ಎರಡಲೆ 72. ಅದಕ್ಕೆ 28 ಕೂಡಿಸಿ. ನೂರು.

ಈ ಸಾಲಿನಲ್ಲಿ ಆಶ್ಚರ್ಯ ಹುಟ್ಟಿಸುವ ಅಂಕಿ ಯಾವುದು ಹೇಳಿ? 36 ಅಲ್ಲ, 28. ಯಾಕಂದರೆ ಚೇಂಬರ್ಲೇನ್ ಫ್ರೀ ಥ್ರೋ ವಿಷಯದಲ್ಲಿ ಲೀಗಿಗೇ ನಗೆಪಾಟಲು. ಯಾರೂ ಅಡ್ಡ ನಿಲ್ಲದೆ, 15 ಅಡಿ ದೂರದಿಂದ ನಿಧಾನಕ್ಕೆ ಎಸೆಯುವ ಚೆಂಡದು. ಹೈಸ್ಕೂಲ್ ಹುಡುಗರೂ ಹಾಕ್ತಾರೆ. ಈತನ ಇಡೀ ವೃತ್ತಿಜೀವನದ ಲೆಕ್ಕ ತೆಗೆದರೆ ನೂರಕ್ಕೆ 51 ಮಾತ್ರ ಒಳಗೆ ಬಿದ್ದಿವೆ. ಆ ಸೀಸನ್ನಿನಲ್ಲಿ ಮಾತ್ರ ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಣಕಾಲಿನ ನಡುವಿನಿಂದ ಮೇಲಕ್ಕೆ ತೂಗಿ ಎಸೆಯುವ ಹಳೇ ಪದ್ಧತಿಗೆ ಇಳಿದಿದ್ದ. ಅಜ್ಜಿ ಶೈಲಿ ಅಂತ ಆಡಿಕೊಳ್ತಿದ್ದರು. ಆದರೆ ಅದು ಕೆಲಸ ಮಾಡಿತು. ಆ ವರ್ಷದ ಸರಾಸರಿ ನೂರಕ್ಕೆ 61ಕ್ಕೆ ಏರಿತು. ಹರ್ಷಿಯಲ್ಲಿ 32ಕ್ಕೆ 28, ಅಂದರೆ ನೂರಕ್ಕೆ 87. ಮೊದಲ ಕ್ವಾರ್ಟರ್‌ನಲ್ಲಿ 9ಕ್ಕೆ 9. ಆಮೇಲೆ ಏನು ಮಾಡಿದ ಗೊತ್ತಾ? ಆ ಪದ್ಧತಿಯನ್ನೇ ಬಿಟ್ಟುಬಿಟ್ಟ. ಹಾಗೆ ಎಸೆಯೋಕೆ ನಾಚಿಕೆ ಆಗ್ತಿತ್ತು, ಹೆಣ್ಣಿಗನ ಹಾಗೆ ಕಾಣ್ತೀನಿ ಅನ್ನಿಸ್ತಿತ್ತು ಅಂತ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ನೂರು ಪಾಯಿಂಟ್ ತಂದುಕೊಟ್ಟ ವಿದ್ಯೆಯನ್ನು, ನೋಡುವವರು ಏನಂದುಕೊಳ್ತಾರೋ ಅಂತ ಕೈಬಿಟ್ಟ ಮನುಷ್ಯ! ಇದಕ್ಕೆ ಏನನ್ನೋಣ?

ಈಗ ಕ್ವಾರ್ಟರ್ ಲೆಕ್ಕಕ್ಕೆ ಬನ್ನಿ. 12 ನಿಮಿಷಕ್ಕೆ ಒಂದರಂತೆ ನಾಲ್ಕು ಕ್ವಾರ್ಟರ್. ಚೇಂಬರ್ಲೇನ್ ಹೊಡೆದದ್ದು 23, 18, 28, 31. ಎಸೆದ ಶಾಟ್‌ಗಳು 14, 12, 16, 21. ಈ ಕೊನೆಯ 21 ಇದೆಯಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ಮಧ್ಯೆ ಒಂದು ಮಾತು. ಹರ್ಷಿಯಲ್ಲಿ ಆ ರಾತ್ರಿ ಎರಡೂ ತಂಡ ಸೇರಿ ಬಂದ ಪಾಯಿಂಟ್ 316. ವಾರಿಯರ್ಸ್ 169, ನಿಕ್ಸ್ 147. ಇದಕ್ಕೆ ಕೇವಲ ಹನ್ನೊಂದು ವರ್ಷ, ಕೆಲವು ತಿಂಗಳ ಹಿಂದೆ, 1950ರ ನವೆಂಬರ್ 22ರಂದು ಇದೇ ಲೀಗಿನಲ್ಲಿ ನಡೆದ ಇನ್ನೊಂದು ಪಂದ್ಯದ ಸ್ಕೋರ್ ಕೇಳಿ. ಫೋರ್ಟ್ ವೇಯ್ನ್ ಪಿಸ್ಟನ್ಸ್ 19, ಮಿನಿಯಾಪೊಲಿಸ್ ಲೇಕರ್ಸ್ 18. ಹೌದು, 48 ನಿಮಿಷ ಆಡಿ 37 ಪಾಯಿಂಟ್! ಲೇಕರ್ಸ್ ತಂಡದ ಜಾರ್ಜ್ ಮೈಕನ್ ಎಂಬ ದೈತ್ಯನ ಕೈಗೆ ಚೆಂಡು ಸಿಗಬಾರದು ಅಂತ ಎದುರಾಳಿಗಳು ಚೆಂಡನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ನಿಂತರು. ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಆದರೂ ಲೇಕರ್ಸ್‌ನ 18ರಲ್ಲಿ 15 ಮೈಕನ್‌ದೇ. ದುಡ್ಡು ಕೊಟ್ಟು ಬಂದ ಜನ ಇದನ್ನು ನೋಡಿ ಏನು ಮಾಡಬೇಕು?

ಈ ಕಾಯಿಲೆಗೆ ಮದ್ದು ಕೊಟ್ಟವನು ಡ್ಯಾನಿ ಬಯಾಸೋನ್. ಸಿರಾಕ್ಯೂಸ್ ತಂಡದ ಮಾಲೀಕ, ಬೌಲಿಂಗ್ ಆಟದ ಅಂಗಡಿ ಇಟ್ಟಿದ್ದವನು. ಈತನ ಲೆಕ್ಕ ನಮ್ಮ ಶೆಟ್ಟರ ಅಂಗಡಿಯ ಲೆಕ್ಕದಷ್ಟೇ ನೇರ. ಒಳ್ಳೆಯ ಪಂದ್ಯದಲ್ಲಿ ತಂಡವೊಂದು ಸುಮಾರು 60 ಶಾಟ್ ಎಸೆಯುತ್ತೆ, ಎರಡೂ ಸೇರಿ 120. ಪಂದ್ಯಕ್ಕೆ 48 ನಿಮಿಷ, ಅಂದರೆ 2,880 ಸೆಕೆಂಡ್. ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಶಾಟ್ ಎಸೆಯಲೇಬೇಕು. 1954ರಿಂದ ಈ ನಿಯಮ ಜಾರಿಗೆ ಬಂತು. ಇವತ್ತಿಗೂ ಇದೆ. ಈಗ ಹರ್ಷಿಯ ಹಾಳೆ ನೋಡಿ. ವಾರಿಯರ್ಸ್ 115 ಶಾಟ್, ನಿಕ್ಸ್ 118. ಒಟ್ಟು 233. ಬಯಾಸೋನ್ ಕಲ್ಪಿಸಿಕೊಂಡದ್ದರ ಹೆಚ್ಚುಕಡಿಮೆ ದುಪ್ಪಟ್ಟು. ಸರಾಸರಿ 12 ಸೆಕೆಂಡಿಗೊಂದು ಶಾಟ್. ಯಾರೂ ನಿಂತು ಉಸಿರಾಡಿಲ್ಲ, ಡಿಫೆನ್ಸ್ ಕಡೆಗೆ ಯಾರಿಗೂ ಹೆಚ್ಚು ಗಮನವಿಲ್ಲ ಅಂತಾಯ್ತು. ನೂರು ಪಾಯಿಂಟ್ ಆಕಾಶದಿಂದ ಉದುರಲಿಲ್ಲ. ಅದಕ್ಕೆ ಬೇಕಾದ ನೆಲವನ್ನು ಆ ಬೌಲಿಂಗ್ ಅಂಗಡಿಯವನೇ ಹದ ಮಾಡಿಟ್ಟಿದ್ದ.

ಹಾಗಂತ ಚೇಂಬರ್ಲೇನ್‌ದು ಸುಲಭದ ಸಾಧನೆ ಅಂತಲ್ಲ. ಆ ಸೀಸನ್ನಿನ 80 ಪಂದ್ಯಗಳಲ್ಲಿ ಈತ ಹೊಡೆದದ್ದು 4,029 ಪಾಯಿಂಟ್. ಸರಾಸರಿ 50.4. ಪ್ರತಿ ಪಂದ್ಯಕ್ಕೂ ಐವತ್ತು! ಇನ್ನೊಂದು ವಿಚಿತ್ರ ಕೇಳಿ. ಪಂದ್ಯ 48 ನಿಮಿಷದ್ದು, ಆದರೆ ಈತ ಆ ವರ್ಷ ಆಡಿದ ಸರಾಸರಿ ಸಮಯ 48.5 ನಿಮಿಷ. ಹೆಚ್ಚುವರಿ ಸಮಯವನ್ನೂ ಬಿಡದೆ ಆಡಿದ್ದರ ಫಲ. ಅದೇ ಡಿಸೆಂಬರ್‌ನಲ್ಲಿ ಮೂರು ಹೆಚ್ಚುವರಿ ಅವಧಿ ನಡೆದ ಪಂದ್ಯದಲ್ಲಿ 78 ಹೊಡೆದಿದ್ದ, ಜನವರಿಯಲ್ಲಿ 73. ಕೋಚ್ ಫ್ರಾಂಕ್ ಮೆಕ್‌ಗೈರ್ ಈತನ ಸುತ್ತಲೇ ಇಡೀ ತಂಡದ ಆಟ ಕಟ್ಟಿದ್ದರು. ಇಷ್ಟಾದರೂ ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಹೋದದ್ದು ಬೋಸ್ಟನ್‌ನ ಬಿಲ್ ರಸೆಲ್‌ಗೆ. ಆ ಮತ ಹಾಕಿದ್ದು ಆಟಗಾರರೇ. ವಿಭಾಗದ ಫೈನಲ್‌ನ ಏಳನೇ ಪಂದ್ಯದಲ್ಲಿ ವಾರಿಯರ್ಸ್ ಸೋತದ್ದೂ ಅದೇ ಬೋಸ್ಟನ್‌ಗೆ, ಎರಡೇ ಪಾಯಿಂಟಿನಿಂದ.

ಸರಿ, ಹಾಳೆಗೆ ವಾಪಸ್ ಬರೋಣ. ಚೇಂಬರ್ಲೇನ್‌ನ ಕೆಳಗಿನ ಸಾಲುಗಳಲ್ಲಿ ನಿಜವಾದ ಕಥೆ ಇದೆ.

ಗೈ ರಾಜರ್ಸ್. ವಾರಿಯರ್ಸ್‌ನ ಚೆಂಡು ಸಾಗಿಸುವ ಗಾರ್ಡ್. 4 ಶಾಟ್, ಒಂದೇ ಒಳಗೆ. ಆದರೆ ಅಸಿಸ್ಟ್ ಕಾಲಂ ನೋಡಿ: 20. ಪಂದ್ಯವಿಡೀ ಆತ ಮಾಡಿದ್ದು ಒಂದೇ ಕೆಲಸ, ಹುಡುಕಿ ಹುಡುಕಿ ಚೆಂಡನ್ನು ಸಂಗಾತಿಗೆ ಮುಟ್ಟಿಸೋದು. ಇನ್ನೊಂದು ಅಂಕಿಯೂ ಆ ಸಾಲಿನಲ್ಲಿ ಕೂತಿದೆ. ಫ್ರೀ ಥ್ರೋ 12, ಅದರಲ್ಲಿ 9 ಒಳಗೆ. ನಾಲ್ಕೇ ಶಾಟ್ ಎಸೆದವನಿಗೆ ಹನ್ನೆರಡು ಫ್ರೀ ಥ್ರೋ ಹೇಗೆ ಸಿಕ್ಕವು? ಬುಟ್ಟಿಯ ಹತ್ತಿರವೇ ಹೋಗದವನನ್ನು ಯಾರಾದರೂ ಯಾಕೆ ಫೌಲ್ ಮಾಡ್ತಾರೆ?

ಉತ್ತರ ಕೊನೆಯ ಕ್ವಾರ್ಟರ್‌ನಲ್ಲಿದೆ. ಮೂರನೇ ಕ್ವಾರ್ಟರ್ ಮುಗಿದಾಗ ಚೇಂಬರ್ಲೇನ್ 69. ವಾರಿಯರ್ಸ್ 125, ನಿಕ್ಸ್ 106. ಗೆಲುವು ಸೋಲಿನ ಪ್ರಶ್ನೆ ಅಲ್ಲಿಗೇ ಮುಗಿದಿತ್ತು. ಮೈಕ್ ಹಿಡಿದಿದ್ದ ಡೇವ್ ಜಿಂಕಾಫ್ ಎಂಬ ಅನೌನ್ಸರ್, ಚೇಂಬರ್ಲೇನ್ ಚೆಂಡು ಹಾಕಿದಾಗಲೆಲ್ಲ ಒಟ್ಟು ಎಷ್ಟಾಯಿತು ಅಂತ ಕೂಗಿ ಹೇಳೋಕೆ ಶುರು ಮಾಡಿದ. ಎಪ್ಪತ್ತೈದು! ಎಪ್ಪತ್ತೇಳು! ಅಲ್ಲಿಂದ ಅದು ಪಂದ್ಯವಾಗಿ ಉಳಿಯಲಿಲ್ಲ, ಎಣಿಕೆ ಆಯಿತು. ಜನ ಒಂದೇ ರಾಗ: ವಿಲ್ಟ್‌ಗೆ ಕೊಡು, ವಿಲ್ಟ್‌ಗೆ ಕೊಡು. ನಿಕ್ಸ್ ಆಟಗಾರರಿಗೆ ಮೈ ಉರಿಯಿತು. ತಮ್ಮ ಮೇಲೆ ನೂರು ಹೊಡೆಸಿಕೊಂಡವರು ಅಂತ ಇತಿಹಾಸದಲ್ಲಿ ಉಳಿಯೋಕೆ ಯಾರಿಗೆ ಇಷ್ಟ ಹೇಳಿ? ಅವರು ಒಂದು ಉಪಾಯ ಹೂಡಿದರು. ಚೆಂಡು ಚೇಂಬರ್ಲೇನ್‌ಗೆ ತಲುಪುವ ಮೊದಲೇ ಬೇರೆ ಯಾರನ್ನಾದರೂ ಬೇಕಂತಲೇ ಫೌಲ್ ಮಾಡೋದು. ಆತ ಫ್ರೀ ಥ್ರೋ ಹಾಕಿಕೊಳ್ಳಲಿ, ಒಂದೋ ಎರಡೋ ಪಾಯಿಂಟ್ ಹೋದರೆ ಹೋಗಲಿ, ಈ ದೈತ್ಯನ ಕೈಗೆ ಮಾತ್ರ ಚೆಂಡು ಸಿಗಬಾರದು. ರಾಜರ್ಸ್ ಸಾಲಿನ ಆ 12ರ ಹಿಂದೆ ಇರುವುದು ಈ ಕಥೆ.

ವಾರಿಯರ್ಸ್ ಸುಮ್ಮನಿದ್ದರಾ? ಅವರು ಇನ್ನೊಂದು ಹೆಜ್ಜೆ ಮುಂದೆ. ಗೆಲ್ತಾ ಇರುವ ತಂಡ ಎದುರಾಳಿಯನ್ನು ಬೇಕಂತಲೇ ಫೌಲ್ ಮಾಡೋಕೆ ಶುರು ಮಾಡಿತು. ನಿಕ್ಸ್ ಬೇಗ ಫ್ರೀ ಥ್ರೋ ಎಸೆದು ಮುಗಿಸಲಿ, ಚೆಂಡು ಬೇಗ ವಾಪಸ್ ಬರಲಿ ಅಂತ. ಇಪ್ಪತ್ತು ಪಾಯಿಂಟ್ ಮುಂದಿರುವ ತಂಡ ಹೀಗೆ ಮಾಡುವುದನ್ನು ಎಲ್ಲಾದರೂ ಕೇಳಿದ್ದೀರಾ? ನಿಕ್ಸ್‌ನ ರಿಚಿ ಗೆರಿನ್ ಆ ರಾತ್ರಿ 39 ಪಾಯಿಂಟ್ ಹೊಡೆದಿದ್ದ. ಬೇರೆ ಯಾವ ದಿನವಾದರೂ ಹೆಡ್‌ಲೈನ್ ಆಗಬೇಕಿದ್ದ ಆಟ. ಆತ ವರ್ಷಗಳ ನಂತರವೂ ಆ ರಾತ್ರಿಯ ಬಗ್ಗೆ ಕಹಿಯಾಗಿಯೇ ಮಾತಾಡಿದ. ಅದು ಆಟವೇ ಅಲ್ಲ ಅನ್ನೋದು ಆತನ ತಕರಾರು.

ಗೆರಿನ್ ಹೇಳಿದ್ದು ತಪ್ಪಾ? ನನಗೆ ಹಾಗನ್ನಿಸೋದಿಲ್ಲ. ಆದರೆ ಈ ಪ್ರಶ್ನೆ ಬಂದಾಗೆಲ್ಲ ನನಗೆ 1999ರ ಫೆಬ್ರವರಿ 7 ನೆನಪಾಗುತ್ತೆ. ದೆಹಲಿಯ ಫಿರೋಜ್ ಷಾ ಕೋಟ್ಲಾ. ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಿದೆ, ಒಂಬತ್ತೂ ನಮ್ಮ ಅನಿಲ್ ಕುಂಬ್ಳೆಗೆ. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾದವರು ನಮ್ಮವರೇ ಜಾವಗಲ್ ಶ್ರೀನಾಥ್. ಅವರಿಗೆ ವಿಕೆಟ್ ಬಿದ್ದರೆ ಕುಂಬ್ಳೆಯ ಹತ್ತು ಹೋಯಿತು! ಅವತ್ತು ಟಿವಿ ಮುಂದೆ ಕೂತಿದ್ದವರಿಗೆ ನೆನಪಿರುತ್ತೆ. ಶ್ರೀನಾಥ್ ಆಫ್ ಸ್ಟಂಪಿನಿಂದ ಆಚೆ, ಬ್ಯಾಟಿಗೆ ಎಟುಕದಷ್ಟು ದೂರಕ್ಕೆ ಚೆಂಡು ಹಾಕಿದರು. ವಿಕೆಟ್ ತೆಗೆಯುವುದೇ ಕಸುಬಾದ ಬೌಲರ್, ವಿಕೆಟ್ ಬೀಳದ ಹಾಗೆ ಬೌಲ್ ಮಾಡಿದ್ದು. ಆಮೇಲೆ ವಾಸಿಂ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. ಕುಂಬ್ಳೆ 74ಕ್ಕೆ 10. ನಾವೆಲ್ಲ ಕುಣಿದೆವು. ಶ್ರೀನಾಥ್ ಮಾಡಿದ್ದು ಆಟ ಅಲ್ಲ ಅಂತ ಕರ್ನಾಟಕದಲ್ಲಿ ಒಬ್ಬರಾದರೂ ಅಂದರಾ? ಅದನ್ನು ಸ್ನೇಹ ಅಂದೆವು, ದೊಡ್ಡ ಮನಸ್ಸು ಅಂದೆವು. ನಾನೂ ಅಂದೆ, ಈಗಲೂ ಅನ್ನುತ್ತೇನೆ. ಪಾಕಿಸ್ತಾನದ ಕ್ರಿಕೆಟ್ ಪ್ರೇಮಿಯೊಬ್ಬ ಅದನ್ನೇ ಏನಂದಿರಬಹುದು, ಯೋಚನೆ ಮಾಡಿ. ಆ ಇನಿಂಗ್ಸಿನ ಸ್ಕೋರ್‌ಕಾರ್ಡಿನಲ್ಲಿ ಶ್ರೀನಾಥ್ ಹೆಸರಿನ ಮುಂದೆ ವಿಕೆಟ್ ಸೊನ್ನೆ. ಅದು ಎಂಥಾ ಸೊನ್ನೆ ಅಂತ ಅಂಕಿ ಹೇಳೋದಿಲ್ಲ. ನೋಡಿದವರು ಹೇಳಬೇಕು. ಕೋಟ್ಲಾದಲ್ಲಿ ಕ್ಯಾಮೆರಾ ಇತ್ತು, ಹರ್ಷಿಯಲ್ಲಿ ಇರಲಿಲ್ಲ.

ಇನ್ನೊಂದು ಸಾಲು. ಆಲ್ ಆಟಲ್ಸ್. 8 ಶಾಟ್, 8 ಒಳಗೆ. 1 ಫ್ರೀ ಥ್ರೋ, ಅದೂ ಒಳಗೆ. ಒಟ್ಟು 17. ಬದುಕಿನಲ್ಲಿ ಒಮ್ಮೆ ಸಿಗುವಂಥ ರಾತ್ರಿ, ಎಸೆದದ್ದೆಲ್ಲ ಬುಟ್ಟಿಗೆ. ಆದರೆ ಅದೇ ರಾತ್ರಿ ಪಕ್ಕದವನು ನೂರು ಹೊಡೆದ! ಆಟಲ್ಸ್ ಜೀವನವಿಡೀ ಇದನ್ನೇ ತಮಾಷೆಯಾಗಿ ಹೇಳಿಕೊಂಡು ನಗಿಸುತ್ತಿದ್ದ. ವಾರಿಯರ್ಸ್ ಅದೇ ವರ್ಷ ಫಿಲಡೆಲ್ಫಿಯಾ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಆಟಲ್ಸ್ ಜೊತೆಗೇ ಹೋದ, ಅಲ್ಲೇ ಕೋಚ್ ಆದ, 1975ರಲ್ಲಿ ಆ ತಂಡಕ್ಕೆ ಚಾಂಪಿಯನ್ ಪಟ್ಟ ಕೊಡಿಸಿದ.

ಎದುರು ತಂಡದಲ್ಲಿ ಒಂದು ಸಾಲು ಓದಿದರೆ ಪಾಪ ಅನ್ನಿಸುತ್ತೆ. ಡ್ಯಾರಲ್ ಇಮ್‌ಹಾಫ್. 20 ನಿಮಿಷ, 7 ಪಾಯಿಂಟ್, 6 ಫೌಲ್. ಆರು ಫೌಲ್ ಆದರೆ ಆಟಗಾರ ಹೊರಗೆ. ನಿಕ್ಸ್‌ನ ಮುಖ್ಯ ಸೆಂಟರ್ ಆ ದಿನ ಆಡಲಿಲ್ಲ, ಹಾಗಾಗಿ ಚೇಂಬರ್ಲೇನ್‌ನನ್ನು ತಡೆಯುವ ಕೆಲಸ ಈತನ ತಲೆಗೆ ಬಿತ್ತು. 1960ರ ಒಲಿಂಪಿಕ್ ಚಿನ್ನ ಗೆದ್ದ ತಂಡದಲ್ಲಿ ಇದ್ದವನು, ಸಾಮಾನ್ಯನಲ್ಲ. ಆದರೆ ಉಳಿದ ಜೀವನವೆಲ್ಲ ‘ನೂರು ಹೊಡೆಸಿಕೊಂಡವನು’ ಅಂತಲೇ ಆಗಿಹೋಯಿತು. ಹಾಳೆ ಏನು ಹೇಳುತ್ತೆ? ಆತ ಅಂಗಳದಲ್ಲಿ ಇದ್ದದ್ದು ಇಪ್ಪತ್ತೇ ನಿಮಿಷ. ಉಳಿದ 28 ನಿಮಿಷ ಬೆಂಚಿನಲ್ಲಿ ಕೂತಿದ್ದ. ಆಗ ಎದುರು ನಿಂತವರು ಬೇರೆಯವರು. ಅವರ ಹೆಸರು ಯಾರಿಗೂ ಬೇಕಾಗಲಿಲ್ಲ, ಬೈಗುಳ ಮಾತ್ರ ಇಮ್‌ಹಾಫ್‌ಗೆ ಉಳಿಯಿತು. ಎರಡು ದಿನ ಬಿಟ್ಟು ಅದೇ ಎರಡು ತಂಡಗಳು ನ್ಯೂಯಾರ್ಕಿನಲ್ಲಿ ಮತ್ತೆ ಆಡಿದವು. ಚೇಂಬರ್ಲೇನ್ ಐವತ್ತು ದಾಟಿದ, ಅಷ್ಟೇ. ನ್ಯೂಯಾರ್ಕಿನ ಜನ ಎದ್ದು ನಿಂತು ಇಮ್‌ಹಾಫ್‌ಗೆ ಚಪ್ಪಾಳೆ ಹೊಡೆದರು. ಐವತ್ತಕ್ಕೆ ನಿಲ್ಲಿಸಿದನಲ್ಲ ಪುಣ್ಯಾತ್ಮ ಅಂತ! 1968ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡ ಚೇಂಬರ್ಲೇನ್‌ನನ್ನು ಕೊಂಡಾಗ ಬದಲಿಗೆ ಮೂವರು ಆಟಗಾರರನ್ನು ಕೊಟ್ಟಿತು. ಆ ಮೂವರಲ್ಲಿ ಒಬ್ಬ ಇದೇ ಇಮ್‌ಹಾಫ್.

ಈ ಹಾಳೆಯಲ್ಲಿ ಇಲ್ಲದ್ದೂ ಇದೆ. ಚೇಂಬರ್ಲೇನ್ ಎಷ್ಟು ಶಾಟ್ ತಡೆದ? ಗೊತ್ತಾಗೋದಿಲ್ಲ. ಬ್ಲಾಕ್ ಮತ್ತು ಸ್ಟೀಲ್ ಲೆಕ್ಕವನ್ನು ಎನ್‌ಬಿಎ ಅಧಿಕೃತವಾಗಿ ಬರೆದುಕೊಳ್ಳೋಕೆ ಶುರು ಮಾಡಿದ್ದು 1973ರಲ್ಲಿ. ಅಷ್ಟೊತ್ತಿಗೆ ಚೇಂಬರ್ಲೇನ್ ಎನ್‌ಬಿಎ ಅಂಗಳ ಬಿಟ್ಟಾಗಿತ್ತು. ಇನ್ನೂ ಒಂದು ಸಂಗತಿ ಅಂಕಿಯಲ್ಲಿ ಬರೋದಿಲ್ಲ. ಅದು 1962ರ ಅಮೆರಿಕ, ನಾಗರಿಕ ಹಕ್ಕುಗಳ ಕಾಯ್ದೆಗೆ ಇನ್ನೂ ಎರಡು ವರ್ಷ ಇತ್ತು. ಲೀಗಿಗೆ ಮೊದಲ ಕಪ್ಪು ವರ್ಣದ ಆಟಗಾರರು ಬಂದದ್ದೇ 1950ರಲ್ಲಿ. ಒಂದು ತಂಡದಲ್ಲಿ ಇಂತಿಷ್ಟೇ ಜನ ಇರಬೇಕು ಅನ್ನುವ ಬಾಯಿಮಾತಿನ ಮಿತಿ ಇತ್ತು ಅಂತ ಆ ಕಾಲದ ಆಟಗಾರರೇ ಹೇಳಿಕೊಂಡಿದ್ದಾರೆ. ಕಪ್ಪು ವರ್ಣದ ಚೇಂಬರ್ಲೇನ್ ಅಂಥಾ ಲೀಗಿನಲ್ಲಿ ನಿಂತು ಬರೆಸಿದ್ದು ಈ ಅಂಕಿ. ಪಂದ್ಯ ಮುಗಿದ ರಾತ್ರಿ ಆತ ನ್ಯೂಯಾರ್ಕಿಗೆ ಕಾರಿನಲ್ಲಿ ಹೋದದ್ದು ಯಾರ ಜೊತೆ ಗೊತ್ತಾ? ಎದುರು ತಂಡದ, ತನ್ನದೇ ವರ್ಣದ ನಿಕ್ಸ್ ಆಟಗಾರರ ಜೊತೆ. ನೂರು ಹೊಡೆದವನೂ ಹೊಡೆಸಿಕೊಂಡವರೂ ಒಂದೇ ಕಾರಿನಲ್ಲಿ! ಆ ಪ್ರಯಾಣದ ವಿಷುವಲ್ಸ್ ಸಿಕ್ಕಿದ್ದರೆ ನಾನು ಇಡೀ ವಾರ ಓಡಿಸ್ತಿದ್ದೆ.

ಈಗ ಹಾಳೆ ಬರೆದವನ ವಿಷಯ. ಹಾರ್ವಿ ಪೊಲಾಕ್. ವಾರಿಯರ್ಸ್‌ನ ಪ್ರಚಾರಾಧಿಕಾರಿ, ಅಂಕಿಅಂಶದ ಹುಚ್ಚ. ಆ ರಾತ್ರಿ ಆತ ಒಬ್ಬನೇ ಅಧಿಕೃತ ಲೆಕ್ಕ ಬರೆದ, ಜೊತೆಗೆ ಎರಡು ಸುದ್ದಿಸಂಸ್ಥೆಗಳಿಗೂ ಫಿಲಡೆಲ್ಫಿಯಾದ ಒಂದು ಪತ್ರಿಕೆಗೂ ವರದಿ ಕಳಿಸಿದ. ನಮ್ಮಲ್ಲಿ ಒಂದು ಪ್ರೆಸ್‌ಮೀಟಿಗೆ ಹತ್ತು ಮೈಕ್ ಹೋಗ್ತವೆ, ನೆನಪಿರಲಿ. ಪಂದ್ಯ ಮುಗಿದ ಮೇಲೆ ಡ್ರೆಸಿಂಗ್ ರೂಮಿನಲ್ಲಿ ಒಂದು ಕಾಗದದ ಚೂರು ತಗೊಂಡು 100 ಅಂತ ಗೀಚಿ ಚೇಂಬರ್ಲೇನ್ ಕೈಗೆ ಕೊಟ್ಟವನೂ ಪೊಲಾಕೇ. ಫೋಟೋ ಹೊಡೆದವನು ಪಾಲ್ ವಾತಿಸ್, ಅಸೋಸಿಯೇಟೆಡ್ ಪ್ರೆಸ್‌ನ ಛಾಯಾಗ್ರಾಹಕ. ಆತ ಡ್ಯೂಟಿ ಮೇಲೆ ಬಂದಿರಲಿಲ್ಲ, ಮಗನನ್ನು ಕರ್ಕೊಂಡು ಆಟ ನೋಡೋಕೆ ಬಂದಿದ್ದ. ಪಂದ್ಯದ ಮಧ್ಯೆ ಇಲ್ಲೇನೋ ನಡೀತಿದೆ ಅನ್ನಿಸಿ ಕಾರಿಗೆ ಓಡಿ ಹೋಗಿ ಕ್ಯಾಮೆರಾ ತಂದ. ಇವತ್ತು ನೀವು ನೋಡುವ ಆ ಚಿತ್ರ, ಬೆಂಚಿನ ಮೇಲೆ ಕೂತ ದೈತ್ಯ, ಕೈಯಲ್ಲಿ ಕಾಗದ, ಅದರ ಮೇಲೆ ಪೆನ್ನಿನಲ್ಲಿ ಗೀಚಿದ ನೂರು, ಅದು ಹೀಗೆ ಹುಟ್ಟಿತು.

ದನಿಯೂ ಆಕಸ್ಮಿಕವಾಗಿಯೇ ಉಳಿಯಿತು. ರೇಡಿಯೋದಲ್ಲಿ ಕಾಮೆಂಟರಿ ಹೇಳಿದವರು ಬಿಲ್ ಕ್ಯಾಂಪ್‌ಬೆಲ್. ಆ ರಾತ್ರಿ ತಡವಾಗಿ ಕೊನೆಯ ಕ್ವಾರ್ಟರ್ ಮರುಪ್ರಸಾರವಾದಾಗ, ದೂರದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟುಕೊಂಡ. 2016ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಧ್ವನಿಮುದ್ರಣವನ್ನು ರಾಷ್ಟ್ರೀಯ ಸಂಗ್ರಹಕ್ಕೆ ಸೇರಿಸಿತು. ಬೇರೆಬೇರೆ ಕಡೆ ನೋಡಿದವರ ನೆನಪುಗಳು ಮಾತ್ರ ಒಂದಕ್ಕೊಂದು ತಾಳೆ ಆಗಲ್ಲ. ನೂರನೇ ಪಾಯಿಂಟ್ ಬಂದ ಚೆಂಡನ್ನು ಚೇಂಬರ್ಲೇನ್ ಬುಟ್ಟಿಗೆ ಬಡಿದು ಹಾಕಿದನಾ, ಮೆಲ್ಲಗೆ ಬಿಟ್ಟನಾ? ಜನ ಅಂಗಳಕ್ಕೆ ನುಗ್ಗಿದ ಮೇಲೆ ಉಳಿದಿದ್ದ 46 ಸೆಕೆಂಡ್ ಆಡಿದರಾ, ಹಾಗೇ ಮುಗಿಸಿದರಾ? ಅಲ್ಲೇ ಇದ್ದವರೂ ಎರಡು ಥರ ಹೇಳ್ತಾರೆ. ಚೇಂಬರ್ಲೇನ್‌ಗೂ ಕಾಲ ಕಳೆದಂತೆ ಆ 100ಕ್ಕಿಂತ ಪಕ್ಕದ 63 ಚುಚ್ಚತೊಡಗಿತು. ತಂಡದ 115 ಶಾಟ್‌ನಲ್ಲಿ 63 ನಾನೇ ಎಸೆದೆನಲ್ಲ, ಅಷ್ಟೊಂದು ಎಸೆಯಬಾರದಿತ್ತು ಅನ್ನುವ ಅರ್ಥದಲ್ಲಿ ಮುಜುಗರಪಟ್ಟು ಮಾತಾಡಿದ್ದಾನೆ. ಕೊನೆಯ ಕ್ವಾರ್ಟರ್‌ನ 21 ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಮುಜುಗರದ ಗುರುತು ಅದು.

ಹಾಳೆಯ ಕೆಳಗೆ ಇನ್ನೆರಡು ಹೆಸರು ಉಳಿದಿವೆ. ಕೊನೆಯ ನಿಮಿಷಗಳಲ್ಲಿ ಅಂಗಳಕ್ಕಿಳಿದ ಬದಲಿ ಆಟಗಾರರು. ಒಂದು, ಟೆಡ್ ಲಕೆನ್‌ಬಿಲ್. ಶಾಟ್ ಸೊನ್ನೆ, ಪಾಯಿಂಟ್ ಸೊನ್ನೆ. ಚೇಂಬರ್ಲೇನ್ 98ರಲ್ಲಿ ನಿಂತಿದ್ದಾನೆ. ಎಸೆದ, ತಪ್ಪಿತು. ಚೆಂಡು ಹಿಡಿದು ವಾಪಸ್ ಕೊಟ್ಟವನು ಲಕೆನ್‌ಬಿಲ್. ಮತ್ತೆ ಎಸೆದ, ಮತ್ತೆ ತಪ್ಪಿತು. ಮತ್ತೆ ಹಿಡಿದವನು ಲಕೆನ್‌ಬಿಲ್. ಈ ಸಲ ಚೆಂಡು ಜೋ ರಕ್ಲಿಕ್‌ಗೆ ಹೋಯಿತು. ರಕ್ಲಿಕ್ ಸಾಲು ನೋಡಿದರೆ ನಗು ಬರುತ್ತೆ. 1 ಶಾಟ್, ತಪ್ಪಿತು. 2 ಫ್ರೀ ಥ್ರೋ, ಎರಡೂ ತಪ್ಪಿದವು. ಪಾಯಿಂಟ್ 0. ಆ ಕ್ಷಣ ಆತನ ಮುಂದೆ ಬುಟ್ಟಿ ಇತ್ತು, ತಾನೇ ಎಸೆಯಬಹುದಿತ್ತು. ಎಸೆಯಲಿಲ್ಲ. ಚೆಂಡನ್ನು ಎತ್ತರಕ್ಕೆ, ಚೇಂಬರ್ಲೇನ್ ಕೈ ಇದ್ದಲ್ಲಿಗೆ ಕೊಟ್ಟ.

ಜನ ನುಗ್ಗಿದರು. ಎಲ್ಲರೂ ಚೇಂಬರ್ಲೇನ್ ಕಡೆಗೆ. ರಕ್ಲಿಕ್ ಮಾತ್ರ ಓಡಿದ್ದು ಇನ್ನೊಂದು ದಿಕ್ಕಿಗೆ, ಸ್ಕೋರ್ ಬರೆಯುವವರ ಮೇಜಿನ ಕಡೆಗೆ. ಆಮೇಲೆ ಪತ್ರಕರ್ತನಾಗಿ ಶಿಕಾಗೋದ ಕಪ್ಪು ವರ್ಣೀಯರ ಪತ್ರಿಕೆ ಶಿಕಾಗೋ ಡಿಫೆಂಡರ್‌ನಲ್ಲಿ ಕೆಲಸ ಮಾಡಿದ ಈ ಬಿಳಿಯ, ಆ ಗದ್ದಲದಲ್ಲಿ ಮೇಜಿನ ಮುಂದೆ ನಿಂತು ಆ ಪಾಸ್ ತನ್ನ ಹೆಸರಿಗೆ ಬರೆದಾಯಿತಾ ಅಂತ ಖಾತ್ರಿ ಮಾಡಿಕೊಂಡ. ಬರೆದಿದ್ದರು. ಅಸಿಸ್ಟ್, 1.